ಎಡಗಡೆಯ ಗುಂಡಿ

"ಬಾವುಟ ಯಾಕೆ ಅಲ್ಲೇ ಸಿಕ್ಕಿಸಿದ್ದೆ ಅಂತ ಈಗ ಗೊತ್ತಾಯ್ತು ಬಿಡಪ್ಪಾ!" ಮಗಳು ಲೋಟ ಕುಕ್ಕಿದ ರಭಸಕ್ಕೆ ಚಹಾ ಮೇಜಿನ ತುಂಬ ಹರಿಯಿತು. "ಥೂ, ನಾಚಿಕೆ ಆಗ್ಬೇಕು ನಿನಗೆ!"

"ಏ, ನಾಲಿಗೆ ಬಿಗಿ ಹಿಡಿದು ಮಾತಾಡು. ಯಾರ ಹತ್ರ ಮಾತಾಡ್ತಿದೀಯ ಅನ್ನೋದು ನೆನಪಿರ್ಲಿ."

"ನೆನಪಿದೆ. ಐದು ದೇಶಗಳ ವ್ಯಾಪಾರ ಮಂಡಳೀಲಿ ಸಣ್ಣ ಯಂತ್ರ ವಿಭಾಗದ ಅಧ್ಯಕ್ಷರ ಹತ್ರ!"

"ಹೌದು ಕಣೇ, ಅಧ್ಯಕ್ಷನೇ! ಸುಮ್ನೆ ಕರೆದು ಕೂರಿಸಲಿಲ್ಲ ನನ್ನ. ಸುತ್ತಿಗೆ ಹಿಡಿದು ಮೇಲೆ ಬಂದವನು ನಾನು."

"ಆ ಹುಡುಗಿ ಇನ್ಮೇಲೆ ಏನು ಹಿಡೀಬೇಕು, ಅದು ಹೇಳು. ಬೆರಳೇ ಇಲ್ಲ ಅವಳಿಗೆ!"

ಅಪ್ಪ ಮೇಜಿಗೆ ಗುದ್ದಿದ. ಆಮೇಲೆ ಇನ್ನೂ ಜೋರಾಗಿ ಕೂಗಾಡಿದ. ಕೋಪ ಬಂದವನಿಗೆ ಕಿವಿ ಕೇಳಿಸುವುದಿಲ್ಲ ಅನ್ನುತ್ತಾರಲ್ಲ, ಅದು ಶುದ್ಧ ಸುಳ್ಳು. ಎಲ್ಲ ಕೇಳಿಸುತ್ತದೆ, ಕೇಳಿಸುವುದರಿಂದಲೇ ಕೂಗುತ್ತಾನೆ.

ಊರಿನವರು ಅವನನ್ನು ಪ್ರೆಸ್ಸಣ್ಣ ಅನ್ನುತ್ತಿದ್ದರು. ಹೊಸಬರು ಯಾವುದೋ ಪತ್ರಿಕೆಯವನು ಅಂದುಕೊಂಡು ತಮ್ಮ ಬೀದಿಯ ಚರಂಡಿಯ ದೂರು ಹೇಳಿಕೊಳ್ಳಲು ಬರುವುದೂ ಇತ್ತು. ಅವನು ಮಾಡುತ್ತಿದ್ದದ್ದು ಚಪ್ಪಲಿಯ ಅಟ್ಟೆ ಕತ್ತರಿಸುವ ಪ್ರೆಸ್ಸು. ಅದೇನು ದೊಡ್ಡ ವಿದ್ಯೆಯಲ್ಲ. ರಬ್ಬರಿನ ಹಾಳೆ ಹಾಸಿ, ಅದರ ಮೇಲೆ ಪಾದದಾಕಾರದ ಅಚ್ಚು ಇಟ್ಟರೆ, ಮೇಲಿನಿಂದ ಕಬ್ಬಿಣದ ತಲೆ ಧಡ್ ಎಂದು ಇಳಿದು ಅಟ್ಟೆ ಕತ್ತರಿಸಿ ಕೊಡುತ್ತದೆ. ಆ ತಲೆ ಇಳಿಯಬೇಕಾದರೆ ಎಡಗಡೆಯದೊಂದು, ಬಲಗಡೆಯದೊಂದು, ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಕಬ್ಬಿಣದ ಕೆಳಗೆ ಸಿಕ್ಕಲು ಮೂರನೆಯ ಕೈ ಯಾರಿಗೂ ಇಲ್ಲವಲ್ಲ, ಅಷ್ಟೇ ಅದರ ಉಪಾಯ. ಆದರೆ ಎಡಗಡೆಯ ಗುಂಡಿಯನ್ನು ರಬ್ಬರ್ ಪಟ್ಟಿಯಿಂದ ಬಿಗಿದು ಒತ್ತಿಟ್ಟುಬಿಟ್ಟರೆ ಒಂದು ಕೈ ಬಿಡುವಾಗುತ್ತದೆ. ಆ ಕೈ ಹಾಳೆ ಎಳೆಯುತ್ತದೆ, ಅಚ್ಚು ಸರಿಸುತ್ತದೆ, ಕೆಲಸ ಓಡುತ್ತದೆ. ಒಂದು ದಿನ ಆ ಕೈ ಹೊರಗೆ ಬರುವುದು ಅರೆಗಳಿಗೆ ತಡವಾಗುತ್ತದೆ.

ಹಿಂದಿನ ಸಂಜೆ ಮಗಳು ವಿಮಾನ ನಿಲ್ದಾಣದಿಂದ ಅಟ್ಟೆಯಕ್ಕನನ್ನು ಕರೆತಂದಿದ್ದಳು. ಅಟ್ಟೆಯಕ್ಕ ಎಂದರೆ ಇನ್ನೊಂದು ದೇಶದ ಚಪ್ಪಲಿ ಮಾಡುವ ಹೆಂಗಸರ ಸಂಘದ ಮುಖ್ಯಸ್ಥೆ. ಹೋದ ವರ್ಷ ಮಂಡಳಿಯ ಯಂತ್ರ ಪ್ರದರ್ಶನಕ್ಕೆ ಬಂದು ಪ್ರೆಸ್ಸಣ್ಣನ ಯಂತ್ರ ಕೊಂಡು ಹೋದವಳು. ಆ ಹೆಸರು ಅವನ ಕಾರ್ಖಾನೆಯವರು ಇಟ್ಟದ್ದು. ಕಾರಿನಲ್ಲಿ ಅವಳು ಅಳುತ್ತ ಹೇಳಿದ್ದಳು: ತಂಗಿಯ ಮಗಳು ಪ್ರೆಸ್ಸಿಗೆ ಕೈ ಸಿಕ್ಕಿ ಎರಡು ಬೆರಳು ಕಳೆದುಕೊಂಡಳು. ನೀವು ತೋರಿಸಿದ ವೇಗ ನಮಗೆ ಬರಲೇ ಇಲ್ಲ. ಹುಡುಗಿ ಹಟಕ್ಕೆ ಬಿದ್ದು ಗುಂಡಿ ಕಟ್ಟಿಬಿಟ್ಟಿದ್ದಳು. ಒಳ್ಳೆಯ ಯಂತ್ರವನ್ನು ಕೆಡಿಸಿದಳು ಅಂತ ಸಂಘದವರು ಅವಳನ್ನು ಕೆಲಸದಿಂದ ತೆಗೆದರು. ನಿಮ್ಮ ತಂದೆಗೆ ಯಾವ ಮುಖ ತೋರಿಸಲಿ?

ಮಗಳಿಗೆ ಪ್ರದರ್ಶನದ ದಿನದ ವೇಗ ನೆನಪಾಯಿತು. ಬೆಳಗಾಗುತ್ತಲೇ ಕಾರ್ಖಾನೆಯ ಫಿಟ್ಟರನಿಗೆ ಫೋನ್ ಮಾಡಿ ಕೇಳಿದಳು. ಅವನು ಮೊದಲು ಕೆಮ್ಮಿದ. ಆಮೇಲೆ, "ಯಜಮಾನ್ರೇ ಕಟ್ಟು ಅಂದ್ರು, ಕಟ್ಟಿದೆ ಕಣಮ್ಮಾ" ಅಂದ.

"ಯಾರು ಕಟ್ಟಲ್ಲ ಹೇಳು?" ಪ್ರೆಸ್ಸಣ್ಣ ಈಗ ಕೂಗುತ್ತಿದ್ದ. "ಇಡೀ ಬೀದಿ ಸುತ್ತು. ಗುಂಡಿ ಕಟ್ಟದೆ ಇರೋ ಒಂದೇ ಒಂದು ಪ್ರೆಸ್ ತೋರ್ಸು, ಮೀಸೆ ಬೋಳಿಸ್ತೀನಿ!"

"ಕಟ್ಟೋರು ಕಟ್ಟಿದೀವಿ ಅಂತ ಗೊತ್ತಿದ್ದು ಕಟ್ತಾರೆ. ನೀನು ಕಟ್ಟಿ, ಮೇಲೆ ಎರಡೂ ದೇಶದ ಬಾವುಟ ಮುಚ್ಚಿದೆ! ಅಷ್ಟು ಬೇಗ ಹೇಗೆ ಬರುತ್ತೆ ಅಂತ ಅವರು ಕೇಳಿದ್ರೆ, ಕೈ ಪಳಗಿದ್ರೆ ನಿಮಗೂ ಬರುತ್ತೆ ಅಂದೆ. ಅದನ್ನ ಅವರ ಭಾಷೇಲಿ ಹೇಳಿದ್ದು ಯಾರು? ನಾನು! ಸುಳ್ಳು ನಿಂದು, ಬಾಯಿ ನಂದು!"

ಒಳಗಿನಿಂದ ಹೆಂಡತಿ ಇಸ್ತ್ರಿ ಮಾಡಿದ ಕೋಟು ಹಿಡಿದುಕೊಂಡು ಬಂದಳು. "ರೀ, ಸ್ವಲ್ಪ ಮೆತ್ತಗೆ. ನೀವು ಕೂಗಿದಷ್ಟೂ ತಪ್ಪು ಯಾರದು ಅಂತ ಬೀದಿಗೆಲ್ಲ ಗೊತ್ತಾಗತ್ತೆ."

"ನೀನೂ ಶುರು ಮಾಡು! ಇಬ್ರೂ ಸೇರಿ ನನ್ನ ಹುರಿದು ಮುಕ್ಕಿ."

"ಇವತ್ತು ಒಪ್ಪಂದಕ್ಕೆ ಸಹಿ ಹಾಕೋಕೆ ಮುಂಚೆ ನೀನು ಅಟ್ಟೆಯಕ್ಕನಿಗೆ ಹೇಳ್ಬೇಕು," ಎಂದಳು ಮಗಳು. ದನಿ ತಗ್ಗಿತ್ತು, ಕೂಗಾಟಕ್ಕಿಂತ ಅದೇ ಅವನಿಗೆ ಭಯವಾಯಿತು. "ನಾನು ಹೇಳಿದ್ರೆ ಚಾಡಿ. ನೀನು ಹೇಳಿದ್ರೆ ಅದಕ್ಕೊಂದು ಬೆಲೆ. ಆ ಹುಡುಗೀನ ಮತ್ತೆ ಕೆಲಸಕ್ಕೆ ಸೇರಿಸ್ಕೋತಾರೆ. ನೀನು ಹೇಳ್ದೆ ಇದ್ರೆ..."

"ಹೇಳ್ದೆ ಇದ್ರೆ?"

"ಈ ಮನೆ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲಪ್ಪಾ."

ಇವಳು ಹುಟ್ಟಿದಾಗಿನಿಂದ ನೋಡಿದ್ದಾನಲ್ಲ. ಬೆದರಿಕೆಗೆ ಆಡುವ ಮಾತು ಯಾವುದು, ನಿಜಕ್ಕೂ ಆಡುವುದು ಯಾವುದು ಅನ್ನುವುದು ಅವನಿಗೆ ತಿಳಿಯುತ್ತಿತ್ತು. ಕೋಟು ಕಸಿದುಕೊಂಡು ತೋಳು ತೂರಿಸುತ್ತ, "ಆಯ್ತು ಮಾರಾಯ್ತಿ, ಹೇಳ್ತೀನಿ. ಸಹಿಗೆ ಮುಂಚೆನೇ ಹೇಳ್ತೀನಿ. ಹತ್ತು ಕಾರು," ಅಂದ.

ಹೇಳಬೇಕೆಂದೇ ಹೊರಟ. ಅವನ ಪರವಾಗಿ ಇಷ್ಟನ್ನಾದರೂ ಹೇಳಬೇಕು.

ಕಾರನ್ನು ಮಗಳೇ ಓಡಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅವನ ಮನಸ್ಸು ಹಳೆಯ ಒಂದು ದಿನಕ್ಕೆ ಓಡುತ್ತಿತ್ತು. ಆಗ ಮಂಡಳಿ ಇರಲಿಲ್ಲ. ಶ್ರೀಮಂತ ದೇಶದ ಗಿರಾಕಿಯೊಬ್ಬ ಅವನ ಕಾರ್ಖಾನೆಗೆ ಬಂದಿದ್ದ. ಬಿಳಿ ಕೈಗವಸು ಹಾಕಿಕೊಂಡು ಯಂತ್ರವನ್ನು ಅಲ್ಲಿ ಇಲ್ಲಿ ಮುಟ್ಟಿ ನೋಡಿ, ಹೋಗುವಾಗ ಆ ಗವಸು ಬಿಚ್ಚಿ ಕಸದ ಡಬ್ಬಿಗೆ ಹಾಕಿ ಹೋದ. ಒಂದು ಮಾತೂ ಆಡಲಿಲ್ಲ. ಗವಸು ಎರಡು ದಿನ ಡಬ್ಬಿಯಲ್ಲೇ ಬಿದ್ದಿತ್ತು. ಅದನ್ನು ಎತ್ತಿ ಎಸೆಯಲು ಪ್ರೆಸ್ಸಣ್ಣ ಯಾರಿಗೂ ಬಿಡಲಿಲ್ಲ, ತಾನೂ ಎಸೆಯಲಿಲ್ಲ. ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಆಮೇಲೆ ಮಂಡಳಿ ಬಂತು. ಮುಂದುವರಿಯುತ್ತಿರುವ ಐದು ದೇಶಗಳ ಸಣ್ಣ ಉದ್ಯಮಿಗಳು ಒಬ್ಬರಿಗೊಬ್ಬರು ಮಾರಬೇಕು, ಕಲಿಸಬೇಕು, ದೊಡ್ಡವರ ಬಾಗಿಲಲ್ಲಿ ನಿಲ್ಲುವುದು ಸಾಕು ಎಂದರು. ಅವನು ಮೊದಲ ಸಭೆಯಲ್ಲೇ ಎದ್ದು ನಿಂತು ಆ ಗವಸಿನ ಕಥೆ ಹೇಳಿದ್ದ. "ನಾವು ನಾವು ಹಾಗೆ ಮಾಡಬಾರದು" ಎಂದಾಗ ಸಭೆಯೇ ಎದ್ದು ಚಪ್ಪಾಳೆ ತಟ್ಟಿತ್ತು. ಅಂದಿನಿಂದ ಮಂಡಳಿಯೆಂದರೆ ಅವನಿಗೆ ಪ್ರಾಣ. ಮಂಡಳಿಯವರೇ ನಡೆಸುವ ಭಾಷಾ ತರಗತಿಗೆ ಮಗಳನ್ನು ಸೇರಿಸಿದ. ಅವಳು ಅಟ್ಟೆಯಕ್ಕನ ಭಾಷೆಯನ್ನು ಅರಳು ಹುರಿದಂತೆ ಮಾತಾಡುವಾಗ, ತನಗೆ ಒಂದಕ್ಷರ ತಿಳಿಯದಿದ್ದರೂ, ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದ.

ಪ್ರದರ್ಶನದ ದಿನ ಎದುರು ಮಳಿಗೆಯಲ್ಲಿ ಮೂರನೆಯ ಒಂದು ದೇಶದ ಪ್ರೆಸ್ಸು. ಹೊಸದು, ಚುರುಕು. ಜನ ಅಲ್ಲಿ ಮುತ್ತಿಕೊಂಡಿದ್ದರು. ತನ್ನ ಮಳಿಗೆಯಲ್ಲಿ ನೊಣ ಹೊಡೆಯುತ್ತ ನಿಂತ ಪ್ರೆಸ್ಸಣ್ಣನಿಗೆ ತಡೆಯಲಾಗಲಿಲ್ಲ. "ಎಡಗಡೆ ಕಟ್ಟೋ," ಎಂದ ಫಿಟ್ಟರನಿಗೆ. "ಕಾಣತ್ತಲ್ಲ ಯಜಮಾನ್ರೇ," ಎಂದ ಫಿಟ್ಟರು. ಮಂಡಳಿಯವರು ಮೇಜಿನ ಮೇಲಿಡಲು ಕೊಟ್ಟಿದ್ದ ಪುಟ್ಟ ಬಾವುಟಗಳು ಕಣ್ಣಿಗೆ ಬಿದ್ದವು. ಅದರಲ್ಲಿ ತನ್ನ ದೇಶದ್ದನ್ನೂ, ಕೊಳ್ಳಲು ಬಂದಿದ್ದ ಅಟ್ಟೆಯಕ್ಕನ ದೇಶದ್ದನ್ನೂ ತಂದು ಎಡಗುಂಡಿಯ ಮುಂದೆ ಸಿಕ್ಕಿಸಿದ. ಎಷ್ಟು ಚೆನ್ನಾಗಿ ಕಾಣಿಸಿತೆಂದರೆ ಕೆಲವರು ಫೋಟೋ ಕೂಡ ತೆಗೆದರು.

ಸಭಾಂಗಣದ ಪಕ್ಕದ ಕೋಣೆಯಲ್ಲಿ ಅಟ್ಟೆಯಕ್ಕ ಕಾದಿದ್ದಳು. ದಪ್ಪ ಮೈ, ಗಟ್ಟಿ ಹಸ್ತ, ರಬ್ಬರಿನ ಅಂಟು ಹಿಡಿದ ಉಗುರು. ಅವನನ್ನು ಕಂಡವಳೇ ಎದ್ದು ಬಂದು ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅವಳ ಬೆರಳುಗಳ ಮೇಲೆ ಅವನ ಕಣ್ಣು ಹೋಯಿತು, ಹತ್ತೂ ಇದ್ದವು. ಹಾಗೆ ನೋಡಿದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಅವಳು ಚೀಲದಿಂದ ಒಂದು ಜೊತೆ ಚಪ್ಪಲಿ ತೆಗೆದಳು. ಏನೇನೋ ಹೇಳಿದಳು.

"ನಿನ್ನ ಪ್ರೆಸ್ಸಲ್ಲೇ ಕತ್ತರಿಸಿದ್ದಂತೆ," ಮಗಳು ಅವನ ಮುಖ ನೋಡದೆ ಹೇಳಿದಳು. "ನಿನ್ನ ಅಳತೆ ನನ್ನ ಹತ್ರ ಕೇಳಿದ್ರು. ಹಾಕ್ಕೊಂಡು ನೋಡಿ ಅಂತಿದಾರೆ."

"ಈಗಲಾ?"

"ಈಗಲೇ ಅಂತೆ."

ಕೋಟು ತೊಟ್ಟ ಅಧ್ಯಕ್ಷ ಬೂಟು ಬಿಚ್ಚಿ, ಕಾಲುಚೀಲ ಕಿತ್ತು, ರಬ್ಬರ್ ಚಪ್ಪಲಿ ಮೆಟ್ಟಿದ. ಸರಿಯಾಗಿ ಕೂತಿತು. ಅಟ್ಟೆಯಕ್ಕ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿ ನಕ್ಕಳು. ಅವನೂ ನಗಲು ನೋಡಿದ. ತುಟಿ ಮಾತ್ರ ಅಲ್ಲಾಡಿತು. ಮಗಳು ಅವನನ್ನೇ ನೋಡುತ್ತಿದ್ದಳು. ಹೇಳಬೇಕಾದ ಹೊತ್ತು ಇದೇ ಎಂದು ಅವನಿಗೂ ಗೊತ್ತು.

"ಅಮ್ಮಾ," ಎಂದ ಅಟ್ಟೆಯಕ್ಕನಿಗೆ, "ನಿಮಗೊಂದು ಮಾತು..."

ಬಾಗಿಲು ತೆರೆದುಕೊಂಡಿತು. "ಅಧ್ಯಕ್ಷರೇ! ಇಲ್ಲಿದೀರಾ! ಅಲ್ಲಿ ಜನ ತುಂಬಿ ತುಳುಕ್ತಿದೆ!" ಮಂಡಳಿಯ ಕಾರ್ಯದರ್ಶಿ. ಅವನಿಗೆ ಎಲ್ಲರೂ ಮೈಕು ಅನ್ನುತ್ತಿದ್ದರು. ಕೈಗೆ ಸಿಕ್ಕಿದ ಮೈಕನ್ನು ಅವನು ಬಿಟ್ಟದ್ದನ್ನು ಕಂಡವರಿಲ್ಲ. "ಅಯ್ಯೋ, ಇದೇನು ಚಪ್ಪಲಿ? ಬೇಡ ಬೇಡ, ಬಿಚ್ಚಬೇಡಿ! ಹೀಗೇ ಬನ್ನಿ. ಸಹಕಾರ ಅಂದ್ರೆ ಇದು. ಇದನ್ನ ನಾನು ಭಾಷಣದಲ್ಲಿ ಹಾಕ್ತೀನಿ."

ಪ್ರೆಸ್ಸಣ್ಣನ ಎದೆಯಿಂದ ಒಂದು ಉಸಿರು ಹೊರಬಂತು. ಬದುಕಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಮಗಳಿಗೂ ಕಂಡಿತೆಂದು ತಿಳಿದು ಕಿವಿ ಬಿಸಿಯಾಯಿತು.

ಅಟ್ಟೆಯಕ್ಕ ಹೊರಡುವ ಮುಂಚೆ ಅವನ ತೋಳು ಹಿಡಿದು ನಿಲ್ಲಿಸಿ, ನಿಧಾನವಾಗಿ ಏನೋ ಹೇಳಿದಳು.

"ಏನಂತೆ?"

"ನಿನಗೆ ಒಂದು ಹೇಳೋದಿದೆಯಂತೆ. ಕೋಣೇಲಿ ಅಲ್ಲ, ಎಲ್ಲರ ಮುಂದೆ ಹೇಳ್ಬೇಕಂತೆ. ಬಚ್ಚಿಟ್ಟು ಮಾಡೋ ಸ್ನೇಹ ಸ್ನೇಹವೇ ಅಲ್ಲ ಅಂತಾರೆ." ಮಗಳು ಅವನ ಕೋಟು ಹಿಡಿದು ಜಗ್ಗಿದಳು. "ಅಪ್ಪಾ, ಅವರು ಕ್ಷಮೆ ಕೇಳೋಕೆ ಹೊರಟಿದಾರೆ. ತಡಿ ಅವರನ್ನ. ಈಗಲೇ ತಡಿ."

"ನಡೀರಿ ನಡೀರಿ," ಎಂದು ಮೈಕು ಎಲ್ಲರನ್ನೂ ದನ ಅಟ್ಟಿದಂತೆ ಅಟ್ಟಿದ. ಪ್ರೆಸ್ಸಣ್ಣ ನಡೆದ. ರಬ್ಬರ್ ಚಪ್ಪಲಿ ನುಣುಪು ನೆಲದ ಮೇಲೆ ಪಟ ಪಟ ಅನ್ನುತ್ತಿತ್ತು.

ವೇದಿಕೆಯ ಮೇಲೆ ಉದ್ದನೆಯ ಮೇಜು, ಅದರ ಮೇಲೆ ಒಪ್ಪಂದದ ಹಾಳೆ, ಎರಡು ಪೆನ್ನು. ಒಪ್ಪಂದ ಇಷ್ಟು: ಅಟ್ಟೆಯಕ್ಕನ ಊರಿನಲ್ಲೇ ಪ್ರೆಸ್ಸು ಜೋಡಿಸುವ ಕಾರ್ಖಾನೆ, ಅರ್ಧ ಅವರದು ಅರ್ಧ ಇವನದು. ಮಂಡಳಿ ಹುಟ್ಟಿದ ಮೇಲೆ ಎರಡು ದೇಶದ ಸಣ್ಣವರು ಸೇರಿ ಕಟ್ಟುವ ಮೊದಲ ಕಾರ್ಖಾನೆ ಅದು. ಉಳಿದ ದೇಶದವರೆಲ್ಲ ಕನ್ನಡ ಬಲ್ಲ ದುಭಾಷಿಗಳ ಜೊತೆ ಅದನ್ನು ನೋಡಲೆಂದೇ ಬಂದಿದ್ದರು. ಇದು ಮುರಿದರೆ ಅಧ್ಯಕ್ಷಗಿರಿ ಹೋಗುತ್ತದೆ, ಬೀದಿಯಲ್ಲಿ ತಲೆ ಎತ್ತುವ ಹಾಗಿರುವುದಿಲ್ಲ. ಇದನ್ನೆಲ್ಲ ಅವನು ಕೂತಲ್ಲೇ ಕೂಡಿಸಿ ಕಳೆಯುತ್ತಿದ್ದ. ಮನುಷ್ಯ ನಾಚಿಕೆಯಲ್ಲೂ ವ್ಯಾಪಾರ ಬಿಡುವುದಿಲ್ಲ.

ಮೈಕು ಮಾತಾಡಿದ, ಮಾತಾಡಿದ, ಮಾತಾಡಿದ. ಚಪ್ಪಲಿಯನ್ನೂ ಭಾಷಣದಲ್ಲಿ ಹಾಕಿದ. ಎಲ್ಲರೂ ಬಗ್ಗಿ ಅಧ್ಯಕ್ಷರ ಕಾಲು ನೋಡಿ ನಕ್ಕರು.

ಆಮೇಲೆ ಅಟ್ಟೆಯಕ್ಕ ಎದ್ದಳು. ಮಗಳು ಇನ್ನೊಂದು ಮೈಕು ಹಿಡಿದು ಪಕ್ಕದಲ್ಲಿ ನಿಂತಳು. ಅವಳು ಒಂದು ಮಾತು ಹೇಳುವುದು, ಇವಳು ಅದನ್ನು ಕನ್ನಡಕ್ಕೆ ತರುವುದು.

"ನಾವು ಇವರಿಂದ ಒಳ್ಳೆಯ ಯಂತ್ರ ಕೊಂಡೆವು," ಎಂದಳು ಮಗಳು. "ಇವರು ತೋರಿಸಿದ ವೇಗ ನಮ್ಮ ಕೈಗೆ ಬರಲಿಲ್ಲ. ನಾವು ಒಬ್ಬರನ್ನೊಬ್ಬರು ಬೈದುಕೊಂಡೆವು. ಅವರ ದೇಶದ ಕೈಗೆ ಬರುವುದು ನಮ್ಮ ಕೈಗೆ ಯಾಕೆ ಬರುವುದಿಲ್ಲ ಅಂದುಕೊಂಡೆವು."

ಅಟ್ಟೆಯಕ್ಕ ಮುಂದಿನ ಮಾತು ಹೇಳಿದಳು.

"ನನ್ನ ತಂಗಿಯ ಮಗಳು ಯಂತ್ರದ ಒಂದು ಗುಂಡಿ ಕಟ್ಟಿದಳು. ಅವಳಿಗೆ..." ಮಗಳು ನಿಂತಳು. ಅಟ್ಟೆಯಕ್ಕ ಕಾದಳು. "ಅವಳಿಗೆ ಎರಡು ಬೆರಳು ಹೋದವು. ತಪ್ಪು ನಮ್ಮದು. ಅವಳನ್ನು ಕೆಲಸದಿಂದ ತೆಗೆದಿದ್ದೇವೆ. ಒಳ್ಳೆಯ ಯಂತ್ರಕ್ಕೆ ಕೆಟ್ಟ ಹೆಸರು ತಂದಿದ್ದಕ್ಕೆ ಇವರ ಕ್ಷಮೆ ಕೇಳುತ್ತೇನೆ."

ಅಟ್ಟೆಯಕ್ಕ ಪ್ರೆಸ್ಸಣ್ಣನ ಕಡೆ ತಿರುಗಿ ತಲೆ ಬಾಗಿಸಿದಳು. ಅವನಿಗಿಂತ ಹಿರಿಯ ಹೆಂಗಸು. ನೆರೆತ ಬೈತಲೆ ಅವನಿಗೆ ನೇರವಾಗಿ ಕಾಣುತ್ತಿತ್ತು. ಭೂಮಿ ಬಾಯಿ ಬಿಡಬಾರದೆ ಅನ್ನುವ ಮಾತನ್ನು ಅವನು ಎಷ್ಟೋ ಸಲ ಆಡಿದ್ದ. ಅದರ ಅರ್ಥ ಈಗ ತಿಳಿಯಿತು. ಆದರೆ ಭೂಮಿ ಬಾಯಿ ಬಿಡುವುದಿಲ್ಲ, ಅದು ನಾವೇ ಬಿಡಬೇಕಾದದ್ದು.

ಮೈಕು ಅವನ ಕೈಗೆ ಮೈಕು ಕೊಟ್ಟ. ತಾನಾಗಿ ಕೊಟ್ಟ! ಅಷ್ಟು ಕರಗಿಹೋಗಿದ್ದ ಅವನೂ.

ಪ್ರೆಸ್ಸಣ್ಣ ಎದ್ದ. ಗುಂಡಿ ಮೊದಲು ಕಟ್ಟಿಸಿದವನು ನಾನು ಅಂದರೆ ಮುಗಿಯಿತು. ನಾಲಿಗೆ ತುದಿಯಲ್ಲೇ ಇತ್ತು. ಎದುರಿಗೆ ಸಾಲು ಸಾಲು ಮುಖ. ಎಲ್ಲ ಮುಖದಲ್ಲೂ ಇವನ ಬಗ್ಗೆ ಮರುಕ, ಗೌರವ. ಹಿಂದೊಂದು ದಿನ ಗವಸಿನ ಕಥೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದವರು ಇವರೇ.

"ತಾಯೀ," ಎಂದ. ದನಿ ಗದ್ಗದವಾಗಿತ್ತು, ಅದು ನಿಜವಾದ ಗದ್ಗದವೇ. "ಆದದ್ದು ಆಗಿಹೋಯ್ತು. ಹೊಸ ಕೈ, ತಪ್ಪು ಯಾರಿಂದಲೂ ಆಗುತ್ತೆ. ನಾನು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ. ಕ್ಷಮಿಸಿದ್ದೇನೆ."

ಕ್ಷಮಿಸಿದ್ದೇನೆ ಎಂದ! ಆ ಮಾತು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಒಬ್ಬ ಕಣ್ಣೊರೆಸಿಕೊಂಡ.

ಏನೆಂದರು ಎಂಬಂತೆ ಅಟ್ಟೆಯಕ್ಕ ಮಗಳ ಕಡೆ ನೋಡಿದಳು.

ಮಗಳು ಮೈಕನ್ನು ಬಾಯಿಂದ ದೂರ ಹಿಡಿದು ಅಪ್ಪನನ್ನು ಕೇಳಿದಳು, "ಇದನ್ನೇ ಹೇಳ್ಲಾ?"

"ಹೇಳು."

"ಇದನ್ನೇ?"

"ಹೇಳಮ್ಮಾ, ಜನ ನೋಡ್ತಿದಾರೆ."

ಅವಳು ಮೈಕನ್ನು ಮತ್ತೆ ಬಾಯಿಗೆ ತಂದಳು. ಅಟ್ಟೆಯಕ್ಕನ ಭಾಷೆಯಲ್ಲಿ ಹೇಳತೊಡಗಿದಳು. ಪ್ರೆಸ್ಸಣ್ಣ ಹೇಳಿದ್ದು ನಾಲ್ಕು ಮಾತು, ಅವಳದು ಮುಗಿಯಲಿಲ್ಲ. ಹೇಳುತ್ತ ಹೇಳುತ್ತ ಎಡಗೈ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಸುತ್ತಿ ಬಿಗಿದಳು. ಆಮೇಲೆ ಅದರ ಮುಂದೆ ಎರಡು ಬಾವುಟ ಸಿಕ್ಕಿಸಿದಳು, ಇಲ್ಲೊಂದು, ಅಲ್ಲೊಂದು. ತನ್ನ ಬಾಯಿಯನ್ನೂ ಮುಟ್ಟಿ ತೋರಿಸಿದಳು. ಕೊನೆಗೆ ಅಪ್ಪನ ಕಡೆ ಕೈ ಮಾಡಿದಳು. ಬೆರಳು ತೋರಿಸಲಿಲ್ಲ, ಅಂಗೈ ಚಾಚಿದಳು. ಸಭೆಯಲ್ಲಿ ಹಿರಿಯರನ್ನು ಪರಿಚಯಿಸುವಾಗ ಚಾಚುವ ಹಾಗೆ.

ಸಭೆಯಲ್ಲಿ ಬೇರೆ ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಅಧ್ಯಕ್ಷರ ದೊಡ್ಡ ಮನಸ್ಸನ್ನು ಮಗಳು ವಿವರಿಸುತ್ತಿದ್ದಾಳೆ ಅಂದುಕೊಂಡರು. ಮತ್ತೆ ಚಪ್ಪಾಳೆ ತಟ್ಟಿದರು. ಮೊದಲಿಗಿಂತ ಜೋರಾಗಿ.

ಆ ಚಪ್ಪಾಳೆಯ ನಡುವೆ ಅಟ್ಟೆಯಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು. ಮಗಳು ಹೌದೆಂದು ತಲೆಯಾಡಿಸಿದಳು. ಅಟ್ಟೆಯಕ್ಕ ಪ್ರೆಸ್ಸಣ್ಣನ ಮುಖ ನೋಡಿದಳು. ಬೈದಿದ್ದರೆ, ಉಗಿದಿದ್ದರೆ, ಅವನೂ ತಿರುಗಿ ಏನಾದರೂ ಕೂಗುತ್ತಿದ್ದ; ಅದು ಅವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಅವಳು ಸುಮ್ಮನೆ ನೋಡಿದಳು. ತಾನು ತಲೆ ಬಾಗಿಸಿದ್ದು ಯಾರಿಗೆ ಅನ್ನುವುದನ್ನು ಸರಿಯಾಗಿ ಗುರುತು ಹಿಡಿದುಕೊಳ್ಳುವವಳ ಹಾಗೆ ನೋಡಿದಳು. ಅವನು ಕಣ್ಣು ತಗ್ಗಿಸಿದ.

ಅವಳು ಕೈಚೀಲ ಎತ್ತಿಕೊಂಡಳು. ಮೆಟ್ಟಿಲು ಇಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದಳು. ಜನ ಅವಳಿಗೂ ಚಪ್ಪಾಳೆ ತಟ್ಟಿದರು, ಒಬ್ಬಿಬ್ಬರು ಎದ್ದು ನಮಸ್ಕರಿಸಿದರು. ಮಗಳು ಮೈಕನ್ನು ಮೇಜಿನ ಮೇಲೆ, ಅಪ್ಪನ ಪೆನ್ನಿನ ಪಕ್ಕದಲ್ಲಿ, ಸದ್ದಾಗದಂತೆ ಇಟ್ಟಳು.

"ಎಲ್ಲಿಗೆ?" ಎಂದ ಅವನು, ಹಲ್ಲಿನ ಸಂದಿಯಿಂದ. "ಕೂತ್ಕೋ. ಮನೆಗೆ ಹೋಗಿ ಮಾತಾಡೋಣ."

"ಅವರಿಗೆ ಈ ಊರಲ್ಲಿ ದಾರಿ ಗೊತ್ತಿಲ್ಲಪ್ಪಾ," ಎಂದಳು ಅವಳು. ಕೋಪವಿರಲಿಲ್ಲ. ಅವನಿಗಾಗಿ ತಾನೇ ನಾಚಿಕೊಂಡವಳ ಹಾಗೆ ಮುಖ ಕೆಂಪಾಗಿತ್ತು. ಅಟ್ಟೆಯಕ್ಕನ ಹಿಂದೆಯೇ ಇಳಿದು ಹೋದಳು. ದೂರದ ಬಾಗಿಲು ತೆರೆದು, ಬೆಳಕು ಬಂದು, ಮುಚ್ಚಿಕೊಂಡಿತು.

ಮೈಕು ಬಗ್ಗಿ ಅವನ ಕಿವಿಯಲ್ಲಿ ಕೇಳಿದ, "ಏನು ಅಧ್ಯಕ್ಷರೇ, ಎಲ್ಲಿಗೆ ಹೋದ್ರು ಇಬ್ರೂ?"

"ಮುಖ ತೊಳ್ಕೊಳ್ಳೋಕೆ," ಎಂದ ಪ್ರೆಸ್ಸಣ್ಣ. "ಅತ್ತಿದಾರಲ್ಲ. ಬರ್ತಾರೆ."

"ಹಾಗಾದ್ರೆ ಅಲ್ಲೀವರೆಗೆ ನಾನೊಂದೆರಡು ಮಾತು..." ಮೈಕು ಮೈಕಿಗೆ ಕೈ ಹಾಕಿದ. ಸಹಕಾರದ ಬಗ್ಗೆ ಹೇಳಿದ. ಐದು ದೇಶಗಳ ಬಗ್ಗೆ, ಹೃದಯ ವೈಶಾಲ್ಯದ ಬಗ್ಗೆ, ಕ್ಷಮೆಯ ಬಗ್ಗೆ ಹೇಳಿದ. ನಡುನಡುವೆ ಬಾಗಿಲು ನೋಡಿದ. ಜನರೂ ನೋಡತೊಡಗಿದರು. ಪ್ರೆಸ್ಸಣ್ಣನೊಬ್ಬನೇ ಆ ಕಡೆ ನೋಡಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದವನು ಅಲ್ಲಿ ಅವನೊಬ್ಬನೇ.

ಬರಲಿಲ್ಲ. ಆ ಸಂಜೆ ಮಗಳು ಮನೆಗೂ ಬರಲಿಲ್ಲ.